ತೊಳೆದ ತಟ್ಟೆಗಳ ಫಲಿತಾಂಶ

ನನ್ನ ದೊಡ್ಡಪ್ಪ ಗುಳಿಗೆ ಬಿಟ್ಟದ್ದು ಪೇಪರಿನಲ್ಲಿ ನನ್ನ ಫೋಟೋ ನೋಡಿ. ಬೇರೆ ಎಲ್ಲಿಂದ ಶುರು ಮಾಡಿದರೂ ನಾನು ಏನೋ ಮುಚ್ಚಿಡುತ್ತಿದ್ದೇನೆ ಅನ್ನಿಸುತ್ತದೆ. ಅದಕ್ಕೆ ಇಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಮಾತ್ರ ಓದಿಸಲು ಸಾಧ್ಯವಿದ್ದ ಮನೆ. ಅಪ್ಪ ಓದಿ ಪ್ರಾಥಮಿಕ ಶಾಲೆಯ ಮಾಸ್ತರನಾದ, ವರ್ಗವಾಗಿ ಬಸವನ ಬಾಗೇವಾಡಿಗೆ ಬಂದು ಅಲ್ಲೇ ನಿಂತ. ನಾನು ಶಾಲೆ ಕಾಲೇಜು ಮುಗಿಸಿದ್ದು ಅಲ್ಲಿ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಹದಿನೇಳು ಹದಿನೆಂಟನೆಯ ವಯಸ್ಸಿಗೆ ಇಂಡಿ ಕಡೆಯ ದ್ರಾಕ್ಷಿ ಪಡಗಳಲ್ಲಿ, ಅಂದರೆ ತೋಟಗಳಲ್ಲಿ, ಎಣ್ಣೆ ಹೊಡೆಯಲು ಹೋದ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆಲ್ಲ ಎಣ್ಣೆ ಎಂದೇ ಹೆಸರು. ಬೆನ್ನಿಗೆ ಪಂಪು, ಬಾಯಿಗೆ ಟವೆಲು, ಬರಿಗೈ. ಪಡದ ಮಾಲೀಕರು ಗಾಳಿ ಬೀಸುವ ದಿಕ್ಕು ನೋಡಿ ದೂರ ನಿಲ್ಲುತ್ತಿದ್ದರು. ಗಾಳಿಯ ದಿಕ್ಕು ನೋಡಿ ನಿಲ್ಲುವ ಸ್ವಾತಂತ್ರ್ಯ ದೊಡ್ಡಪ್ಪನಿಗೆ ಇರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಅದನ್ನೇ ಮಾಡಿದ.

ನಾನು ಎಂ.ಎಸ್ಸಿ. ಓದುವಾಗ ಅವನ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಸುಮ್ಮಸುಮ್ಮನೆ ತಿಕ್ಕತೊಡಗಿತು. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿಕೊಂಡು ತಿಕ್ಕಿದ ಹಾಗೆಯೇ ಕಾಣುತ್ತಿತ್ತು. ತಂಬಾಕು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕೈಗೆ ಚಟ ಉಳಿದಿದೆ ಎಂದು ದೊಡ್ಡವ್ವ ನಗುತ್ತಿದ್ದಳು. ಆಮೇಲೆ ಕೈ ಪೂರ್ತಿ ನಡುಗಿತು, ನಡಿಗೆ ಸಣ್ಣದಾಯಿತು, ಮುಖದ ಮೇಲಿನ ನಗು ಹೋಯಿತು. ಜಿಲ್ಲಾ ದವಾಖಾನೆಯಲ್ಲಿ ನಡುಗು ರೋಗ ಎಂದರು. ಮೆದುಳಿನ ಒಂದು ಸಣ್ಣ ಜಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಸತ್ತದ್ದು ಹುಟ್ಟುವುದಿಲ್ಲ. ಕೊರತೆಯನ್ನು ತುಂಬಲು ದಿನಕ್ಕೆ ಮೂರು ಸಲ ಗುಳಿಗೆ. ಗುಳಿಗೆ ತಗೊಂಡ ಮೇಲೆ ದೊಡ್ಡಪ್ಪ ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಬಸ್‌ಸ್ಟ್ಯಾಂಡಿನವರೆಗೆ ನಡೆಯುತ್ತಿದ್ದ.

ಎಣ್ಣೆ ಹೊಡೆದದ್ದರಿಂದಲೇ ಅವನಿಗೆ ರೋಗ ಬಂತು ಎಂದು ನಾನು ಹೇಳಲಾರೆ. ಕೆಲವು ಔಷಧಿಗಳಿಗೂ ಈ ರೋಗಕ್ಕೂ ಸಂಬಂಧವಿದೆ ಎಂದು ಓದಿದ್ದೇನೆ. ಆದರೆ ಒಬ್ಬ ಮನುಷ್ಯನ ವಿಷಯದಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹೀಗೆ ಅಳೆದು ಮಾತಾಡುವುದನ್ನು ನನಗೆ ಕಲಿಸಿದ್ದು ವಿಜ್ಞಾನ. ಅಳೆಯದೆ ಮಾತಾಡಿದವರ ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತದ್ದು ಮಾತ್ರ ನಾನೇ ಕಲಿತದ್ದು.

ದೊಡ್ಡಪ್ಪನಿಗಾಗಿಯೇ ನಾನು ನರಕೋಶಗಳ ಸಂಶೋಧನೆಗೆ ಸೇರಿದೆ. ಪ್ರಯೋಗಾಲಯ ನಮ್ಮ ಊರುಗಳಿಂದ ಕೆಲವೇ ತಾಸಿನ ಬಸ್ ದಾರಿ. ಅಲ್ಲಿ ನನ್ನ ಗೈಡ್ ಆಗಿದ್ದವರನ್ನು ಇಲ್ಲಿ ಸರ್ ಎಂದಷ್ಟೇ ಕರೆಯುತ್ತೇನೆ. ಇಂಡಿ ಭಾಗದ ಹಳ್ಳಿಯವರು. ಚಿಮಣಿ ದೀಪದ ಬೆಳಕಿನಲ್ಲಿ ಓದಿದ್ದನ್ನು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಆ ಮಾತು ಕೇಳಿಯೇ ನಾನು ಅವರ ಬಳಿ ಸೇರಿದ್ದು.

ಕೆಲಸ ಹೀಗಿತ್ತು. ನರಕೋಶದಂತೆ ವರ್ತಿಸುವ ಜೀವಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಗಳ ಪುಟ್ಟ ಪುಟ್ಟ ಗುಳಿಗಳಲ್ಲಿ ಬೆಳೆಸಬೇಕು. ಮನುಷ್ಯನ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ಗುಲಾಬಿ ಬಣ್ಣದ ಆಹಾರದ್ರವ ಬದಲಿಸಬೇಕು. ರವಿವಾರ, ಹಬ್ಬ ಎಂದು ಬಿಟ್ಟರೆ ಸಾಯುತ್ತವೆ. ಎಮ್ಮೆ ಸಾಕಿದ ಮನೆಯವಳಾದ್ದರಿಂದ ನನಗೆ ಅದು ಹೊಸದಾಗಿರಲಿಲ್ಲ. ಹೀಗೆ ಸಾಕಿದ ಕೋಶಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಿದ್ದೆವು. ದವಾಖಾನೆಯಲ್ಲಿ ಗಾಯದ ಮೇಲೆ ಹಾಕಿದಾಗ ಬುಸಬುಸನೆ ನೊರೆ ಬರುತ್ತದಲ್ಲ, ಅದೇ. ಕೋಶದೊಳಗೆ ಅದು ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಕೆಲಸ ಮಾಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಒತ್ತಡ ಬಿದ್ದ ಕೋಶ ಸುಮ್ಮನೆ ಸಾಯುವುದಿಲ್ಲ. ಅದರ ಹೊರ ಅಂಗಳದಲ್ಲಿ ಒಂದು ಪ್ರೋಟೀನು ಇನ್ನೊಂದರ ಹಿಡಿತದಲ್ಲಿ ಕಟ್ಟಿಹಾಕಿಸಿಕೊಂಡಿರುತ್ತದೆ. ಆಪತ್ತು ಬಂದಾಗ ಬಿಡಿಸಿಕೊಂಡು ಒಳಗೆ ಕೋಶಕೇಂದ್ರಕ್ಕೆ ಓಡುತ್ತದೆ, ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಈ ಸುದ್ದಿ ಹೇಗೆ ಹೋಗುತ್ತದೆ, ಎಲ್ಲಿ ತಡವಾಗುತ್ತದೆ ಎಂದು ನೋಡುವುದು ನನ್ನ ವಿಷಯ.

ಲಿಂಬೆ ಸಿಪ್ಪೆ ಸರ್ ಅವರ ಯೋಚನೆ. ಇಂಡಿಯ ಲಿಂಬೆಯ ಸಿಪ್ಪೆಯಿಂದ ಸತ್ವ ತೆಗೆದು ಕೋಶಗಳಿಗೆ ಮೊದಲು ಕೊಡುವುದು, ಆಮೇಲೆ ಪೆರಾಕ್ಸೈಡ್ ಹಾಕುವುದು. ಮೊದಲ ಫಲಿತಾಂಶ ಕಂಡ ಮಧ್ಯಾಹ್ನ ನನಗೆ ಕಣ್ಣೀರು ಬಂತು. ಸತ್ವವಿಲ್ಲದ ಗುಳಿಗಳಲ್ಲಿ ಕೋಶಗಳು ಮುದುಡಿ ತೇಲುತ್ತಿದ್ದವು. ಸತ್ವವಿದ್ದ ಕಡೆ ಕೈಕಾಲು ಚಾಚಿಕೊಂಡು ಆರಾಮಾಗಿದ್ದವು. ಸತ್ವವೇ ಆ ಕಾವಲು ಪ್ರೋಟೀನನ್ನು ಮೊದಲೇ ಎಬ್ಬಿಸಿ ಒಳಗೆ ಕಳಿಸುತ್ತದೆ ಎಂದು ಸರ್ ತೀರ್ಮಾನಿಸಿದರು. ಅದಕ್ಕೆ ಆಧಾರ ಪ್ರೋಟೀನು ಪರೀಕ್ಷೆಯ ಫಿಲ್ಮಿನ ಮೇಲೆ ಕಂಡ ಒಂದೇ ಒಂದು ಮಸುಕು ಪಟ್ಟಿ. ಆ ದಿನ ಇಡೀ ವಿಭಾಗಕ್ಕೆ ಪೇಢೆ ಹಂಚಿದರು.

ಅನುಮಾನ ಬಂದದ್ದು ಖಾಲಿ ಗುಳಿಗಳಿಂದ. ತಟ್ಟೆಯ ಅಂಚಿನ ಒಂದು ಸಾಲಿನಲ್ಲಿ ಕೋಶಗಳೇ ಇರುವುದಿಲ್ಲ, ಅಳತೆ ಸರಿಯಿದೆಯೇ ನೋಡಲು ಬರೀ ದ್ರವ ಇಟ್ಟು, ಉಳಿದ ಗುಳಿಗಳಂತೆಯೇ ಸತ್ವ, ಪೆರಾಕ್ಸೈಡ್ ಹಾಕುತ್ತೇವೆ. ಪೆರಾಕ್ಸೈಡ್ ಎಷ್ಟು ಉಳಿದಿದೆ ಎಂದು ಬಣ್ಣದಿಂದ ತೋರಿಸುವ ಒಂದು ಸರಳ ಪರೀಕ್ಷೆ ಇದೆ. ಒಂದು ದಿನ ಅದನ್ನು ಈ ಸಾಲಿಗೂ ಮಾಡಿದೆ. ಸತ್ವ ಹಾಕಿದ ಖಾಲಿ ಗುಳಿಯಲ್ಲಿ ಪೆರಾಕ್ಸೈಡ್ ಇರಲೇ ಇಲ್ಲ. ಕೋಶವೇ ಇಲ್ಲದ ಕಡೆ ಅದನ್ನು ತಿಂದವರು ಯಾರು? ಸತ್ವ ಹೊರಗೇ, ದ್ರವದಲ್ಲೇ, ಅದನ್ನು ಮುಗಿಸಿಬಿಟ್ಟಿತ್ತು. ಅಂದರೆ ನಮ್ಮ ಕೋಶಗಳು ಗಟ್ಟಿಯಾಗಿರಲಿಲ್ಲ. ಅವುಗಳಿಗೆ ಪೆಟ್ಟೇ ಬಿದ್ದಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಒಂದೇ ದಾರಿಯಿತ್ತು. ಕೋಶಗಳಿಗೆ ಸತ್ವ ಕೊಟ್ಟು ಆರು ತಾಸು ಬಿಡುವುದು, ಆ ದ್ರವವನ್ನು ಪೂರ್ತಿ ಹೀರಿ ತೆಗೆಯುವುದು, ಉಪ್ಪುನೀರಿನಿಂದ ಎರಡು ಸಲ ಮೆಲ್ಲಗೆ ತೊಳೆಯುವುದು, ಹೊಸ ಆಹಾರ ಹಾಕಿ ಆಮೇಲೆ ಪೆರಾಕ್ಸೈಡ್ ಬಿಡುವುದು. ಸತ್ವ ನಿಜವಾಗಿ ಕೋಶದೊಳಗೆ ಏನಾದರೂ ಮಾಡಿದ್ದರೆ ತೊಳೆದ ಮೇಲೂ ಅವು ಬದುಕಬೇಕು. ತೊಳೆದ ತಟ್ಟೆಗಳಲ್ಲಿ ಕೋಶಗಳು ಸತ್ತವು. ಮತ್ತೆ ಮಾಡಿದೆ, ಸತ್ತವು. ಮೂರನೆಯ ಸಲವೂ ಸತ್ತವು. ಕಾವಲು ಪ್ರೋಟೀನನ್ನು ಹುಡುಕಿದೆ, ಅದು ಹೊರ ಅಂಗಳದಿಂದ ಕದಲಿರಲಿಲ್ಲ.

ನೋಟ್‌ಬುಕ್ ಹಿಡಿದುಕೊಂಡು ಸರ್ ಕೋಣೆಗೆ ಹೋದೆ. ಪುಟ ತಿರುವಿ ನೋಡಿದರು.

"ತೊಳೆಯೋವಾಗ ಕೋಶ ಕಿತ್ತು ಹೋಗಿರ್ತಾವ" ಅಂದರು.

"ಬರೇ ತೊಳದು ಪೆರಾಕ್ಸೈಡ್ ಹಾಕದ ಗುಳಿನೂ ಇಟ್ಟಿದ್ನಿರಿ ಸರ್. ಅವು ಚಲೋ ಅದಾವ್ರಿ."

"ನೀ ಎಷ್ಟ ವರ್ಷ ಆತು ಇಲ್ಲಿಗೆ ಬಂದು?"

"ನಾಲ್ಕು ಮುಗೀತ್ರಿ."

"ಹಂಗಾರ ಥೀಸಿಸ್ ಬರಿಯೋದರ ಬಗ್ಗೆ ವಿಚಾರ ಮಾಡು. ಇದನ್ನೆಲ್ಲಾ ಹೊಸದಾಗಿ ಕೆದಕಬ್ಯಾಡ. ಜರ್ನಲ್‌ಗೆ ಪೇಪರ್ ಕಳಿಸೂದೈತಿ."

ಹೂಂ ಎಂದು ಹೊರಗೆ ಬಂದೆ. ಜಗಳವಾಡಲಿಲ್ಲ. ನೋಟ್‌ಬುಕ್ ಹರಿಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಸುಳ್ಳು ಬರೆದವರು ಅವರು, ನಾನು ಸತ್ಯ ಬರೆದಿಟ್ಟಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಕೆಲವು ವಾರಗಳ ನಂತರ ಇಂಡಿಯಲ್ಲಿ ಲಿಂಬೆ ಬೆಳೆಗಾರರ ಒಂದು ಸಭೆ. ಸರ್ ಮುಖ್ಯ ಅತಿಥಿ. ಈ ಸೀಮೆಯ ಹೆಣ್ಣುಮಗಳು ವೇದಿಕೆಯ ಮೇಲಿದ್ದರೆ ಚೆನ್ನಾಗಿರುತ್ತದೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ನನಗೂ ಶಾಲು ಹೊದಿಸಿದರು. ಸರ್ ಚೆನ್ನಾಗಿ ಮಾತಾಡುವವರು. ಚಿಮಣಿ ದೀಪದಿಂದ ಶುರು ಮಾಡಿ, ನರಕೋಶಕ್ಕೆ ಬಂದು, ನೀವು ಬೀದಿಗೆ ಎಸೆಯುವ ಸಿಪ್ಪೆಯಲ್ಲಿ ನಡುಗು ರೋಗಕ್ಕೆ ಮದ್ದಿದೆ ಎಂದರು. ಮುಂದೊಂದು ದಿನ ಆ ಗುಳಿಗೆಗಳೇ ಬೇಕಾಗಲಿಕ್ಕಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿನಲ್ಲಿ ಒಬ್ಬ ಮುದುಕ ಎಡಗೈಯಿಂದ ತನ್ನ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡು ಕುಳಿತಿದ್ದ. ಆ ಹಿಡಿತ ಯಾಕೆಂದು ನನಗೆ ಗೊತ್ತಿತ್ತು. ಎದ್ದು ಒಂದು ಮಾತು ಹೇಳಬಹುದಿತ್ತು. ಶಾಲು ಸರಿಮಾಡಿಕೊಂಡು ಕುಳಿತೆ.

ಮರುದಿನ ಒಂದು ಸ್ಥಳೀಯ ಪತ್ರಿಕೆಯಲ್ಲಿ ನಡುಗು ರೋಗಕ್ಕೆ ಲಿಂಬೆ ಸಿಪ್ಪೆ ಮದ್ದು ಎಂದು ದಪ್ಪ ಅಕ್ಷರದಲ್ಲಿ ಬಂತು. ಮುಂದೊಂದು ದಿನ ಎಂಬುದು ಎಲ್ಲೂ ಇರಲಿಲ್ಲ. ಫೋಟೋದಲ್ಲಿ ಸರ್, ಅವರ ಪಕ್ಕದಲ್ಲಿ ನಾನು. ಅಪ್ಪ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ನಮ್ಮ ಮಗಳು ಎಂದು ಬರೆದ. ನಾನು ಕೈಮುಗಿಯುವ ಇಮೋಜಿ ಕಳಿಸಿದೆ. ಅಷ್ಟೇ ಕಳಿಸಿದೆ.

ಮೂರು ವಾರ ಕಳೆದಿರಬೇಕು. ಬೆಳಗ್ಗೆ ತಟ್ಟೆಗಳಿಗೆ ಆಹಾರ ಬದಲಿಸುವಾಗ ದೊಡ್ಡಪ್ಪನ ಮಗಳು ಫೋನ್ ಮಾಡಿದಳು. ಅವಳು ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ.

"ಅಪ್ಪ ಬಚ್ಚಲದಾಗ ಬಿದ್ದಾನ. ಏಳಾಕ ಬರವಲ್ದು. ಸಿಂದಗಿ ದವಾಖಾನಿಗೆ ತಂದೇವಿ. ಮೈಯೆಲ್ಲಾ ಕಟಗಿ ಆದಂಗ ಆಗೈತಿ, ಲಗೂ ಬಾ."

ನಾನು ಸಿಂದಗಿ ಮುಟ್ಟಿದಾಗ ದೊಡ್ಡಪ್ಪ ಮಂಚದ ಮೇಲೆ ಮಲಗಿದ್ದ ಎನ್ನಲಾಗದು, ಅವನನ್ನು ಅಲ್ಲಿ ಇಟ್ಟಿದ್ದರು. ಕುತ್ತಿಗೆ ಬಿಗಿದು ತಲೆ ದಿಂಬಿಗೆ ತಾಗಿರಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಿದವು. ಏನೋ ಹೇಳಲು ಹೋದ, ತುಟಿ ಅಲುಗಲಿಲ್ಲ. ಗುಳಿಗೆ ಒಮ್ಮೆಲೇ ನಿಂತಾಗ ಮೈ ಹೀಗೆ ಬಿಗಿಯುತ್ತದೆ ಎಂದು ನಾನು ಓದಿದ್ದೆ, ನೋಡಿರಲಿಲ್ಲ. ಬಿದ್ದದ್ದರಿಂದ ಸೊಂಟದ ಎಲುಬೂ ಮುರಿದಿತ್ತು.

ಡ್ಯೂಟಿಯಲ್ಲಿದ್ದವರು ನನ್ನ ವಯಸ್ಸಿನ ಒಬ್ಬ ಡಾಕ್ಟರಮ್ಮ. ಹಳೆಯ ಚೀಟಿಗಳನ್ನು ನೋಡುತ್ತ ದೊಡ್ಡವ್ವನನ್ನು ಕೇಳಿದರು.

"ಈ ಗುಳಗಿ ಯಾವಾಗಿಂದ ಬಿಟ್ಟಾರ?"

"ಹದಿನೈದ ಇಪ್ಪತ್ತ ದಿನ ಆತ್ರಿ. ಈಗ ಬ್ಯಾರೆ ಔಷಧ ಹಿಡಿದೇವ್ರಿ."

"ಯಾವ ಔಷಧ?"

"ಲಿಂಬಿ ಸಿಪ್ಪಿ ಕುದಿಸಿ ಕೊಡಾಕತ್ತೇನ್ರಿ. ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ. ಒಂದ ದಿನಾನೂ ತಪ್ಪಿಸಿಲ್ರಿ."

"ಯಾರ ಹೇಳಿದ್ರು ನಿಮಗ?"

ದೊಡ್ಡವ್ವ ತನ್ನ ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪೇಪರ್ ತುಂಡು ತೆಗೆದಳು. ಬೇರೆ ಚೀಟಿಗಳೆಲ್ಲ ಮುದ್ದೆಯಾಗಿದ್ದವು, ಅದೊಂದು ಮಾತ್ರ ಮಡಿಕೆ ಬೀಳದಂತೆ ಇತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು.

"ಇಕಿನ ಕಂಡ ಹಿಡಿದಾಳ್ರಿ. ನನ್ನ ಮೈದುನನ ಮಗಳು."

ಆ ದನಿಯಲ್ಲಿ ಹೆಮ್ಮೆಯಿತ್ತು. ಗಂಡ ಕಟ್ಟಿಗೆಯಾಗಿ ಮಲಗಿರುವಾಗಲೂ ಇತ್ತು. ಡಾಕ್ಟರಮ್ಮ ಪೇಪರ್ ಓದಿದರು, ಫೋಟೋ ನೋಡಿದರು, ನನ್ನನ್ನು ನೋಡಿದರು.

"ಗುಳಗಿ ಬಿಡ್ರಿ ಅಂತ ನೀವ ಹೇಳೀರೇನ್ರಿ?"

"ಇಲ್ರಿ. ನಮ್ಮ ಸರ್ ಸಭಾದಾಗ..."

"ಸರ್ ಸುದ್ದಿ ಕೇಳಿಲ್ಲ ನಾ. ನೀವ ಹೇಳೀರೇನು?"

"ಇಲ್ರಿ."

"ಬಿಡಬ್ಯಾಡ್ರಿ ಅಂತ ಹೇಳೀರೇನು?"

ಅವರು ಪೇಪರನ್ನು ದೊಡ್ಡವ್ವನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟು ಮುಂದಿನ ಮಂಚಕ್ಕೆ ಹೋದರು.

ಅವರೇ ಮತ್ತೆ ಗುಳಿಗೆ ಶುರು ಮಾಡಿ ಜಿಲ್ಲಾ ದವಾಖಾನೆಗೆ ಕಳಿಸಿದರು. ಅಲ್ಲಿ ಸೊಂಟದ ಆಪರೇಷನ್ ಆಯಿತು. ಆಂಬುಲೆನ್ಸಿನಲ್ಲಿ ದೊಡ್ಡಪ್ಪನ ಕಾಲ ಬಳಿ ಕುಳಿತ ನನಗೆ ಅಳು ಬರಲಿಲ್ಲ. ಸಿಟ್ಟು ಎಷ್ಟಿತ್ತೆಂದರೆ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಮೊದಲು ಪತ್ರಿಕೆಯವನ ಮೇಲೆ, ಆಮೇಲೆ ಸರ್ ಮೇಲೆ. ಕೊನೆಗೆ ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಗೊತ್ತಿದ್ದರಿಂದ ಅವರಿಬ್ಬರ ಮೇಲೇ ಆದಷ್ಟು ಹೊತ್ತು ಇಟ್ಟುಕೊಂಡೆ.

ಎರಡು ದಿನ ಬಿಟ್ಟು ಸರ್ ಕೋಣೆಗೆ ಹೋದೆ. ಈ ಸಲ ನಿಂತೇ ಮಾತಾಡಿದೆ. ದೊಡ್ಡಪ್ಪನ ವಿಷಯ ಹೇಳಿ, ಪತ್ರಿಕೆಗೆ ತಿದ್ದುಪಡಿ ಕಳಿಸಬೇಕು, ತೊಳೆದ ತಟ್ಟೆಗಳ ಫಲಿತಾಂಶ ಜರ್ನಲ್ಲಿನ ಪ್ರಬಂಧದಲ್ಲಿ ಸೇರಿಸಬೇಕು ಎಂದೆ.

"ಪಾಪ" ಅಂದರು. ಆಮೇಲೆ, "ಆದರ ನಾ ಗುಳಗಿ ಬಿಡ್ರಿ ಅಂತ ಎಲ್ಲೆ ಹೇಳೇನಿ? ಭಾಷಣದ ವಿಡಿಯೋ ಐತಿ, ಬೇಕಾರ ನೋಡು."

"ಬೇಕಾಗಲಿಕ್ಕಿಲ್ಲ ಅಂದ್ರಿ ಸರ್."

"ಮುಂದೊಂದು ದಿನ ಅಂದೆ. ಪೇಪರಿನವ್ರು ತಪ್ಪ ಬರದ್ರ, ಹಳ್ಳಿ ಮಂದಿ ಓದಿದ್ದೆಲ್ಲಾ ಮಾಡ್ಕೋತ ಹೋದ್ರ, ನಾ ಏನ ಮಾಡ್ಲಿ?"

ಹಳ್ಳಿ ಮಂದಿ. ವೇದಿಕೆಯ ಮೇಲೆ ಆ ಮಾತನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಕೋಣೆಯೊಳಗೆ ಅದೇ ಮಾತು ತಪ್ಪು ಹೊರಿಸಲು ಬಂತು. ನನ್ನ ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಅಕ್ಕನಿಂದ ಓದಿಸಿಕೊಂಡಿದ್ದಳು. ಓದಿದ ಜನ, ಅದರಲ್ಲೂ ಮನೆಯ ಮಗಳು, ಸುಳ್ಳು ಹೇಳಲಾರಳು ಎಂದು ನಂಬಿದ್ದಳು. ಅದು ಅವಳ ದಡ್ಡತನವಲ್ಲ.

"ಖಾಲಿ ಗುಳಿಯೊಳಗ ಪೆರಾಕ್ಸೈಡ್ ಹ್ವಾದದ್ದು ನಿಮಗೂ ಗೊತ್ತೈತಿ ಸರ್" ಎಂದೆ. "ಗೊತ್ತಿದ್ದೂ ಹೋಗಿ ಭಾಷಣ ಮಾಡಿದ್ರಿ. ಗೊತ್ತಿದ್ದೂ ನಾ ಬಾಜೂಕ ಕುಂತೆ. ಜರ್ನಲ್‌ಗೆ ಕಳಸೂ ಪೇಪರಿನಿಂದ ನನ್ನ ಹೆಸರ ತೆಗೀರಿ. ತೆಗದ್ರ ನನ್ನ ತಟ್ಟಿ, ನನ್ನ ಪಟ್ಟಿ ಯಾವುದೂ ಅದರಾಗ ಇರಬಾರ್ದು."

"ಸಿಟ್ಟಿನ್ಯಾಗ ಮಾತಾಡಾಕತ್ತಿ. ಮನಿಗೆ ಹೋಗಿ ಆರಾಮ ತಗೋ" ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಸಿಟ್ಟಿನಲ್ಲಿ ಮಾತಾಡುತ್ತಿದ್ದೆ, ನಿಜ. ಅದಕ್ಕೇ ಆ ದಿನ ಸರಿಯಾಗಿ ಮಾತಾಡಿದೆ. ಶಾಂತವಾಗಿದ್ದಾಗ ನಾನು ಮಾಡಿದ್ದೇನೆಂದು ಮೇಲೆ ಬರೆದಿದ್ದೇನೆ.

ಸಂಸ್ಥೆಯ ಮುಖ್ಯಸ್ಥರಿಗೆ ಬರೆದೆ. ಮೂವರ ಸಮಿತಿ ಆಯಿತು. ಅದರ ಮೊದಲ ಪ್ರಶ್ನೆ, ನಿಮ್ಮ ಮನೆಯವರಿಗೆ ತೊಂದರೆಯಾದದ್ದರಿಂದ ನೀವು ಹೀಗೆ ಹೇಳುತ್ತಿದ್ದೀರಾ ಎಂಬುದು. ನೋಟ್‌ಬುಕ್ಕಿನ ತಾರೀಖು ತೋರಿಸಿದೆ. ದೊಡ್ಡಪ್ಪ ಬೀಳುವ ಮೊದಲೇ, ಸಭೆಗೂ ಮೊದಲೇ ಬರೆದದ್ದು. ಅದನ್ನು ನೋಡಿ ಒಬ್ಬರು, ಹಾಗಾದರೆ ಆಗಲೇ ಯಾಕೆ ನಮ್ಮ ಬಳಿ ಬರಲಿಲ್ಲ ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಸಿಟ್ಟಾಗಲಿಲ್ಲ. ಇಡೀ ವಿಚಾರಣೆಯಲ್ಲಿ ಸರಿಯಾದ ಪ್ರಶ್ನೆ ಅದೊಂದೇ. ಹೆದರಿದ್ದೆ ಎಂದು ಹೇಳಿದೆ.

ಸಮಿತಿ ಯಾರನ್ನೂ ತಪ್ಪಿತಸ್ಥರೆನ್ನಲಿಲ್ಲ. ಇನ್ನಷ್ಟು ಪ್ರಯೋಗ ಬೇಕು ಎಂದು ಬರೆಯಿತು. ಸರ್ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು, ನನಗೆ ಬೇರೆ ಗೈಡ್ ಕೊಟ್ಟರು. ನನ್ನ ಥೀಸಿಸ್ ಅರ್ಧಕ್ಕೂ ಹಿಂದೆ ಬಿತ್ತು. ಪತ್ರಿಕೆಗೆ ನಾನೇ ಪತ್ರ ಬರೆದೆ. ಮದ್ದು ಎಂಬ ಸುದ್ದಿ ಮೊದಲ ಪುಟದಲ್ಲಿ ಬಂದಿತ್ತು. ಮದ್ದಲ್ಲ ಎಂಬುದು ಒಳಗಿನ ಪುಟದಲ್ಲಿ, ಎಮ್ಮೆ ಕಳೆದಿದೆ ಎಂಬ ಪ್ರಕಟಣೆಯ ಕೆಳಗೆ, ನಾಲ್ಕು ಸಾಲು ಬಂತು.

ನಾಲ್ಕು ಸಾಲು ಓದಿದವರು ಎಷ್ಟು ಜನ ಇದ್ದಾರು? ವಿಭಾಗದ ಕಚೇರಿಯಲ್ಲಿ ಗುಮಾಸ್ತರು, ಸಿಪ್ಪೆಯ ವಿಷಯ ಕೇಳಿ ಫೋನ್ ಮಾಡಿದವರ ಊರು, ನಂಬರು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಆ ಹಾಳೆ ಕೇಳಿದೆ. ಸುಮ್ಮನೆ ಕೊಟ್ಟರು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹೆಚ್ಚಿನವರು ಗುಳಿಗೆಯ ಜೊತೆಗೆ ಸಿಪ್ಪೆಯ ನೀರು ಕುಡಿಯುತ್ತಿದ್ದರು, ಬಿಟ್ಟಿರಲಿಲ್ಲ. ಮುದ್ದೇಬಿಹಾಳದ ಒಬ್ಬ ಹೆಂಗಸು ಬಿಟ್ಟಿದ್ದರು. ಫೋನಿನಲ್ಲಿ ನನ್ನ ಮಾತು ನಂಬಲಿಲ್ಲ. ಬಸ್ ಹತ್ತಿ ಹೋದೆ.

ನಿವೃತ್ತ ಹೆಡ್‌ಮಾಸ್ತರಬಾಯಿ ಅವರು. ಮನೆ ಕನ್ನಡಿಯಂತಿತ್ತು. ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದು ತಂದು, ಅರ್ಧ ತಟ್ಟೆಗೆ ಚೆಲ್ಲಿ, ನನ್ನ ಮುಂದೆ ಇಟ್ಟರು. ನಾನು ಖಾಲಿ ಗುಳಿ, ತೊಳೆದ ಕೋಶ ಎಲ್ಲವನ್ನೂ ಹೇಳಿದೆ. ಶಾಲೆಯಲ್ಲಿ ವಿಜ್ಞಾನ ಕಲಿಸಿದವರಾದ್ದರಿಂದ ಅರ್ಥವಾಗಲು ತಡವಾಗಲಿಲ್ಲ.

"ಅಂದ್ರ ಬೆಂಕಿ ಮನಿ ಮುಟ್ಟೂದರಾಗ ಹೊರಗ ಆರಿಸಿ, ಮನಿ ಸುಡಂಗಿಲ್ಲ ಅಂತ ಹೇಳ್ಯಾರ" ಅಂದರು.

"ಹೌದ್ರಿ ಬಾಯಾರ."

"ನಿಮ್ಮ ಸರ್ ಯಾಕ ಬರ್ಲಿಲ್ಲ ಇದನ್ನ ಹೇಳಾಕ? ಚಪ್ಪಾಳಿ ಹೊಡಿಸ್ಕೊಂಡಾವ್ರು ಅವ್ರು. ತಿರಗೂದು ನೀನು."

ಅವರು ಎದ್ದು ಕಪಾಟಿನಿಂದ ಗುಳಿಗೆಯ ಡಬ್ಬಿ ತೆಗೆದರು, ನನ್ನ ಕಣ್ಣೆದುರೇ ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಹೇಗೆ ಶುರು ಮಾಡಬೇಕೆಂದು ಕೇಳಿಕೊಂಡರು. ನನ್ನನ್ನು ಬಾಗಿಲವರೆಗೆ ಕಳಿಸಲು ಬರಲಿಲ್ಲ. ಅವರಿಗೂ ಸಿಟ್ಟು ಬಂದಿತ್ತು, ಬರಬೇಕಾದದ್ದೇ.

ಎಲ್ಲರಿಗೂ ಹೇಳಿದ ಮೇಲೂ ನಾನು ಹೇಳದೆ ಉಳಿದದ್ದು ಒಬ್ಬನಿಗೇ. ದೊಡ್ಡಪ್ಪ ಕನ್ನೊಳ್ಳಿಗೆ ಬಂದು ಎರಡು ತಿಂಗಳಾಗಿತ್ತು. ವಾಕರ್ ಹಿಡಿದು ಪಡಸಾಲೆಯಿಂದ ಕಟ್ಟೆಯವರೆಗೆ ನಡೆಯುತ್ತಿದ್ದ. ಒಂದು ಮಧ್ಯಾಹ್ನ ಅವನ ಪಕ್ಕ ಕುಳಿತು ಹೇಳಿದೆ.

"ದೊಡ್ಡಪ್ಪ, ಸಿಪ್ಪಿ ಕೆಲಸ ಮಾಡಂಗಿಲ್ಲ ಅಂತ ನಂಗ ಮೊದಲ ಗೊತ್ತಿತ್ತು. ಸಭಾ ಆಗೂಕ್ಕಿಂತ ಮೊದಲ. ಹೇಳ್ಲಿಲ್ಲ ನಾ."

ರೋಗದಿಂದ ಅವನ ಮುಖ ಅಲುಗದ್ದರಿಂದ ಏನು ಯೋಚಿಸುತ್ತಿದ್ದಾನೆಂದು ತಿಳಿಯಲಿಲ್ಲ.

"ಯಾಕ ಹೇಳ್ಲಿಲ್ಲ?"

"ಅಂಜಿದ್ನಿ."

"ಯಾರಿಗೆ?"

"ಸರ್‌ಗೆ. ಡಿಗ್ರಿ ಕೊಡಲಿಕ್ಕಿಲ್ಲ ಅಂತ."

"ನಾನೂ ಅಂಜತಿದ್ದೆ" ಅಂದ. ದನಿ ಸಣ್ಣದಾಗಿತ್ತು, ಬಾಗಿ ಕೇಳಬೇಕಾಯಿತು. "ಎಣ್ಣಿ ಮುಖಕ್ಕ ಸಿಡಿತಿತ್ತು. ಕೈಗವಸಾ ಕೊಡ್ರಿ ಅಂತ ಕೇಳಬೇಕಂತಿದ್ನಿ. ನಾಳೆ ಬರಬ್ಯಾಡ ಅಂದಾರು ಅಂತ ಕೇಳ್ಲಿಲ್ಲ. ನಾ ಓದಿಲ್ಲ, ಅದಕ್ಕ ಅಂಜಿದ್ನಿ ಅಂತ ತಿಳಕೊಂಡಿದ್ದೆ. ನಿಮ್ಮಪ್ಪನ್ನ ಓದಿಸಿದ್ದು, ನೀ ಓದಿದ್ದು, ಎಲ್ಲಾ ಅದಕ್ಕ ಅಲ್ಲೇನು? ನೀನೂ ಅಂಜಿದ್ರ ಏನ ಉಪಯೋಗ ಆತು ಅದು?"

ಕ್ಷಮಿಸಿದೆ ಎನ್ನಲಿಲ್ಲ. ಒಳಗೆ ಕರೆದುಕೊಂಡು ಹೋಗು ಎಂದ. ಅವನ ತೋಳು ಹಿಡಿದು ಎಬ್ಬಿಸಿದೆ. ದೊಡ್ಡವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ದಿನ ನನಗೆ ಊಟಕ್ಕೆ ಬಡಿಸಿದಳು, ಮಾತಾಡಿಸಲಿಲ್ಲ. ಅವಳು ಮತ್ತೆ ಮೊದಲಿನಂತೆ ಮಾತಾಡಲು ಮಳೆಗಾಲ ಮುಗಿಯಬೇಕಾಯಿತು.

ಈ ವರ್ಷ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಸರ್ ಭಾಷಣವಿದೆ ಎಂದು ಅಪ್ಪ ಹೇಳಿದ. ನಾನು ಓದಿ ಬೆಳೆದ ಊರು. ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಅದೇ ಚಿಮಣಿ ದೀಪ, ಅದೇ ಸಿಪ್ಪೆ. ಮದ್ದು ಎನ್ನಲಿಲ್ಲ, ಭರವಸೆ ಎಂದರು. ಅಷ್ಟು ಮಾತ್ರ ಬದಲಾಗಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎದ್ದು ನಿಂತೆ.

"ಸತ್ವ ಕೊಟ್ಟ ಮ್ಯಾಲೆ ಕೋಶ ತೊಳದು ನೋಡೀರೇನ್ರಿ ಸರ್? ತೊಳದ ಮ್ಯಾಲೆ ಅವು ಬದಕಿದಾವೇನ್ರಿ?"

ಸಭೆಯಲ್ಲಿ ಯಾರಿಗೂ ಪ್ರಶ್ನೆ ಅರ್ಥವಾಗಿರಲಿಕ್ಕಿಲ್ಲ. ಸರ್‌ಗೆ ಆಯಿತು. ಇದು ತಾಂತ್ರಿಕ ವಿಷಯ, ಆಮೇಲೆ ಮಾತಾಡೋಣ ಎಂದರು. "ಇಲ್ಲೇ ಹೇಳ್ರಿ" ಎಂದೆ. ನಿರೂಪಕಿ ಮುಂದಿನ ಪ್ರಶ್ನೆ ಎಂದಳು, ಮೈಕು ಬೇರೆ ಸಾಲಿಗೆ ಹೋಯಿತು. ನಾನು ಕೂಡಲಿಲ್ಲ. ಮೈಕಿಲ್ಲದೆಯೇ, ಸಭಾಂಗಣದ ತುದಿಗೂ ಕೇಳುವ ಹಾಗೆ, ಆ ಕೆಲಸ ಮಾಡಿದವಳು ನಾನೇ, ತೊಳೆದ ಮೇಲೆ ಕೋಶಗಳು ಬದುಕಲಿಲ್ಲ, ಯಾರೂ ಗುಳಿಗೆ ಬಿಡಬೇಡಿ ಎಂದು ಹೇಳಿದೆ. ಒಬ್ಬ ಸ್ವಯಂಸೇವಕ ಬಂದು ಹೊರಗೆ ನಡೀರಿ ಮೇಡಂ ಎಂದ. ಹೇಳಬೇಕಾದದ್ದು ಮುಗಿದಿತ್ತು, ನಡೆದೆ.

ಗೇಟಿನ ಬಳಿ ಒಬ್ಬ ಹೆಂಗಸು ಹಿಂದಿನಿಂದ ಬಂದು ನನ್ನ ಕೈ ಹಿಡಿದರು. ಮಾವನಿಗೆ ನಡುಗು ರೋಗವಂತೆ, ಸರ್ ಅವರನ್ನು ಕಂಡು ಕೇಳೋಣ ಎಂದು ಹಳ್ಳಿಯಿಂದ ಟಂಟಂ ರಿಕ್ಷಾ ಹತ್ತಿ ಬಂದಿದ್ದರಂತೆ.

"ನೀವ ಹೇಳಿದ್ದು ಪೂರಾ ತಿಳೀಲಿಲ್ರಿ" ಅಂದರು. "ಗುಳಗಿ ಬಿಡಬಾರ್ದು ಅಂತಿರೇನ್ರಿ?"

"ಬಿಡಬಾರ್ದ್ರಿ. ಡಾಕ್ಟರಿಗೆ ಕೇಳಲಾರ್ದ ಒಂದ ಹೊತ್ತೂ ತಪ್ಪಿಸಬ್ಯಾಡ್ರಿ."

"ಹಂಗಾರ ಒಳಗ ಏನ ಕೇಳೂದೈತಿ" ಎಂದು ಅವರು ಅಲ್ಲಿಂದಲೇ ಟಂಟಂ ನಿಲ್ಲುವ ಕಡೆ ತಿರುಗಿದರು.